ಕೋನ್ ಡ್ರಮ್ ಇಲ್ಲದ ಹೈಸ್ಪೀಡ್ ಸಿಂಪ್ಲೆಕ್ಸ್: ಕೊಳ್ಳುವ ಮುನ್ನ ಎಲ್ಲೆಲ್ಲಿ ಕೈಯಿಟ್ಟು ನೋಡಬೇಕು

ಸ್ಪೀಡ್ ಫ್ರೇಮ್, ಅಂದರೆ ಸಿಂಪ್ಲೆಕ್ಸ್, ನೂಲಿನ ಮಿಲ್ಲಿನಲ್ಲಿ ಸ್ಲೈವರನ್ನು (ತಿರುವಿಲ್ಲದ ದಪ್ಪ ಹತ್ತಿಯ ಎಳೆ) ತೆಳುಮಾಡಿ, ಸ್ವಲ್ಪ ತಿರುವು ಕೊಟ್ಟು, ರೋವಿಂಗ್ ಎಂಬ ಎಳೆಯಾಗಿ ಬಾಬಿನ್ನಿಗೆ ಸುತ್ತುವ ಯಂತ್ರ. ಅದನ್ನು ಮಾರುವವರ ಕರಪತ್ರದಲ್ಲಿ ಮೊದಲ ಸಾಲಿಗೇ ಫ್ಲೈಯರಿನ (ಬಾಬಿನ್ನಿನ ಸುತ್ತ ತಿರುಗಿ ತಿರುವು ಕೊಡುವ ಎರಡು ಕಾಲಿನ ಭಾಗ) ವೇಗ ಬಂದು ಕೂತಿರುತ್ತದೆ, 1500 ಆರ್‌ಪಿಎಂ ಅಂತ. ಅದು ಯಂತ್ರ ತಡೆದುಕೊಳ್ಳುವ ವೇಗ. ನಿಮ್ಮ ಹತ್ತಿ ತಡೆದುಕೊಳ್ಳುವ ವೇಗ ಬೇರೆ. ಹತ್ತಿ ಓಡಿಸುವ ಮಿಲ್ಲುಗಳಲ್ಲಿ ಸಿಂಪ್ಲೆಕ್ಸ್ ಸಾಮಾನ್ಯವಾಗಿ 1000ದಿಂದ 1250ರೊಳಗೇ ಓಡುತ್ತದೆ. ಹಾಗಿದ್ದ ಮೇಲೆ ಹೈಸ್ಪೀಡ್ ಯಂತ್ರಕ್ಕೆ ಅಷ್ಟೊಂದು ದುಡ್ಡು ಯಾಕೆ? ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಖಾಲಿ ಬಾಬಿನ್ನಿನಿಂದ ತುಂಬಿದ ಬಾಬಿನ್ನಿನವರೆಗೆ, ನಿಂತಾಗ, ಮತ್ತೆ ಹೊರಟಾಗ, ಕರೆಂಟ್ ಹೋದಾಗ ರೋವಿಂಗಿನ ಟೆನ್ಷನ್ ಒಂದೇ ಸಮ ಇಡುವ ಯಂತ್ರವಾದರೆ ದುಡ್ಡು ಕೊಡಿ. ಬರೀ ವೇಗಕ್ಕೆಂದಾದರೆ ಇರುವ ಯಂತ್ರವನ್ನೇ ಚೆನ್ನಾಗಿಟ್ಟುಕೊಳ್ಳಿ.

ಇಲ್ಲಿ ತೂಗಿ ನೋಡುತ್ತಿರುವುದು ಒಂದು ಮಾದರಿಯನ್ನಲ್ಲ, ಒಂದು ಪೀಳಿಗೆಯನ್ನು: ಕೋನ್ ಡ್ರಮ್ (ಬಾಬಿನ್ ವೇಗ ಬದಲಿಸುವ ಶಂಕುವಿನಾಕಾರದ ಡ್ರಮ್) ಮತ್ತು ಡಿಫರೆನ್ಷಿಯಲ್ ಗೇರ್ ಬಿಟ್ಟುಕೊಟ್ಟು, ಫ್ಲೈಯರ್, ಬಾಬಿನ್, ಡ್ರಾಫ್ಟಿಂಗ್ ರೋಲರ್ (ನಾರನ್ನು ಎಳೆದು ತೆಳುಮಾಡುವ ರೋಲರ್), ಬಾಬಿನ್ ರೈಲ್ (ಬಾಬಿನ್ನುಗಳನ್ನು ಏರಿಸಿ ಇಳಿಸುವ ಹಳಿ) ಇಷ್ಟಕ್ಕೂ ಬೇರೆಬೇರೆ ಮೋಟರ್ ಇಟ್ಟುಕೊಂಡ ಯಂತ್ರಗಳು. ಟೊಯೋಟಾದ ಎಫ್‌ಎಲ್200 ನಾಲ್ಕು ಸರ್ವೋ ಮೋಟರಿನ ಯಂತ್ರ. ಕೊಯಮತ್ತೂರಿನ ಎಲ್‌ಎಂಡಬ್ಲ್ಯೂನ ಎಲ್‌ಎಫ್ 4200 ಸಾಲಿನ ಯಂತ್ರಗಳು ನಮ್ಮ ಮಿಲ್ಲುಗಳಿಗೆ ಹೆಚ್ಚು ಪರಿಚಿತ. ರೀಟರ್‌ನ ಎಫ್35, ಜಿನ್ಸರ್‌ನ 668 ಇವು ತಾವೇ ಡಾಫ್ ಮಾಡಿಕೊಳ್ಳುವ, ಅಂದರೆ ತುಂಬಿದ ಬಾಬಿನ್ ತೆಗೆದು ಖಾಲಿ ಟ್ಯೂಬ್ ಹಾಕಿಕೊಳ್ಳುವ, ಯಂತ್ರಗಳ ಸಾಲಿಗೆ ಸೇರಿದವು. ಹೋಲಿಕೆಗೆ ಎದುರಿಗಿಟ್ಟುಕೊಂಡದ್ದು ದಕ್ಷಿಣ ಭಾರತದ ಮಿಲ್ಲುಗಳು ವರ್ಷಾನುಗಟ್ಟಲೆ ನೆಚ್ಚಿಕೊಂಡ ಎಲ್‌ಎಫ್ 1400ಎ, ಅಂದರೆ ಕೋನ್ ಡ್ರಮ್ಮಿನ ಯಂತ್ರ.

ಕೋನ್ ಡ್ರಮ್ ಮಾಡುತ್ತಿದ್ದ ಕೆಲಸ

ಮುಂದಿನ ರೋಲರ್ ಬಿಡುವ ರೋವಿಂಗಿನ ಉದ್ದ ಬದಲಾಗುವುದಿಲ್ಲ. ಅದನ್ನು ಸುತ್ತಿಕೊಳ್ಳುವ ಬಾಬಿನ್ ಮಾತ್ರ ಪದರ ಪದರಕ್ಕೂ ದಪ್ಪವಾಗುತ್ತ ಹೋಗುತ್ತದೆ. ಬಾಬಿನ್ ಫ್ಲೈಯರಿಗಿಂತ ಮುಂದೆ ಓಡುವ ಯಂತ್ರದಲ್ಲಿ, ಈಗ ಎಲ್ಲವೂ ಹಾಗೆಯೇ, ಆ ಎರಡರ ವೇಗದ ಅಂತರವೇ ಸುತ್ತುವ ವೇಗ. ಲೆಕ್ಕ ಹಾಕಿ ನೋಡೋಣ. ಹ್ಯಾಂಕ್ (ರೋವಿಂಗಿನ ತೆಳುವಿನ ಅಂಕಿ, ಹೆಚ್ಚಿದಷ್ಟೂ ತೆಳು) 1.0, ಟಿಎಂ (ತಿರುವಿನ ಗುಣಕ, ಹ್ಯಾಂಕಿನ ವರ್ಗಮೂಲದಿಂದ ಗುಣಿಸಿದರೆ ಇಂಚಿನ ತಿರುವು) 1.30, ಫ್ಲೈಯರ್ 1200 ಆರ್‌ಪಿಎಂ. ಇಂಚಿಗೆ 1.30 ತಿರುವು. 1200ನ್ನು 1.30ರಿಂದ ಭಾಗಿಸಿದರೆ ನಿಮಿಷಕ್ಕೆ 923 ಇಂಚು, ಅಂದರೆ 23.4 ಮೀಟರ್. ಖಾಲಿ ಟ್ಯೂಬಿನ ವ್ಯಾಸ 48 ಮಿ.ಮೀ. ಆದರೆ ಇಷ್ಟು ಉದ್ದ ಸುತ್ತಲು ಬಾಬಿನ್ ಫ್ಲೈಯರಿಗಿಂತ 155 ಸುತ್ತು ಹೆಚ್ಚು ತಿರುಗಬೇಕು, 1355. ಬಾಬಿನ್ ತುಂಬಿ 152 ಮಿ.ಮೀ. ಆದಾಗ 49 ಸುತ್ತು ಹೆಚ್ಚಿದ್ದರೆ ಸಾಕು, 1249. ಈ 1355ರಿಂದ 1249ಕ್ಕೆ ಇಳಿಯುವ ಹಾದಿ ನೇರ ಗೆರೆಯಲ್ಲ. ಶುರುವಿನಲ್ಲಿ ಜೋರಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಕೋನ್ ಡ್ರಮ್ಮಿನ ಮೈ ಬಾಗಿರುವುದು ಈ ಕಾರಣಕ್ಕೇ.

ಡ್ರಮ್ಮಿನ ಮೇಲಿನ ಚಪ್ಪಟೆ ಬೆಲ್ಟ್ ಒಂದು ಪದರ ಮುಗಿದಂತೆಲ್ಲ ರ‍್ಯಾಚೆಟ್ ವೀಲಿನ ಹಲ್ಲಿನಷ್ಟು ಸರಿಯುತ್ತದೆ. ತೊಂದರೆ ಇರುವುದು ಈ ಬೆಲ್ಟಿನಲ್ಲಿ. ಹತ್ತಿಯ ಧೂಳು, ಗೇರ್ ಪೆಟ್ಟಿಗೆಯಿಂದ ಸಿಡಿದ ಎಣ್ಣೆ, ಸವೆದು ಹೊಳಪು ಬಂದ ಮೈ, ಇವುಗಳಲ್ಲಿ ಯಾವುದೊಂದಿದ್ದರೂ ಅದು ಜಾರುತ್ತದೆ. ಇಷ್ಟು ಸೂಕ್ಷ್ಮ ಲೆಕ್ಕದಲ್ಲಿ ನಡೆಯುವ ಯಂತ್ರದಲ್ಲಿ ಈ ಜಾರುವಿಕೆ ಕಣ್ಣಿಗೆ ಕಾಣುವುದಿಲ್ಲ, ಮುಂದೆ ರೋವಿಂಗಿನಿಂದ ನೂಲು ಮಾಡುವ ರಿಂಗ್ ಫ್ರೇಮಿನ ಕೌಂಟಿನಲ್ಲಿ (ನೂಲಿನ ತೆಳುವಿನ ಅಂಕಿ) ಕಾಣುತ್ತದೆ. ರ‍್ಯಾಚೆಟ್ ಹಲ್ಲು ಕಡಿಮೆ ಆದರೆ ಬೆಲ್ಟ್ ಬೇಗ ಸರಿಯುತ್ತದೆ, ಬಾಬಿನ್ ಬೇಕಾದ್ದಕ್ಕಿಂತ ನಿಧಾನವಾಗುತ್ತದೆ, ಅರ್ಧ ಬಾಬಿನ್ ಆದ ಮೇಲೆ ರೋವಿಂಗ್ ಜೋತು ಬೀಳುತ್ತದೆ. ಹಲ್ಲು ಹೆಚ್ಚಾದರೆ ಇದರ ತದ್ವಿರುದ್ಧ: ತುಂಬುತ್ತ ಬಂದಂತೆ ರೋವಿಂಗ್ ಬಿಗಿದು ಹಿಗ್ಗುತ್ತದೆ. ರೋವಿಂಗಿನ ಹ್ಯಾಂಕ್ ಬದಲಾದಾಗಲೆಲ್ಲ ವೀಲ್ ಬದಲಿಸುವುದನ್ನು ಮರೆತು ಟೆನ್ಷನ್ನಿಗಾಗಿ ಬೆಲ್ಟನ್ನು ಕೈಯಿಂದ ಸರಿಸುತ್ತ ಕೂರುವ ಫಿಟ್ಟರುಗಳು ಎಲ್ಲ ಮಿಲ್ಲಿನಲ್ಲೂ ಸಿಗುತ್ತಾರೆ.

ಸರ್ವೋ ಯಂತ್ರದಲ್ಲಿ ಇದೆಲ್ಲ ಸಂಖ್ಯೆಯಾಗಿ ಪ್ಯಾನೆಲ್ಲಿಗೆ ಹೋಗುತ್ತದೆ: ಖಾಲಿ ಟ್ಯೂಬಿನ ವ್ಯಾಸ, ಪದರದ ದಪ್ಪ, ಶುರು, ನಡು ಮತ್ತು ಕೊನೆಯ ಟೆನ್ಷನ್ನಿನ ತಿದ್ದುಪಡಿ, ಬಾಬಿನ್ ತುದಿಯ ಇಳಿಜಾರು. ಹ್ಯಾಂಕ್ ಬದಲಿಸಲು ಗೇರ್ ಹುಡುಕುವ ಕೆಲಸವಿಲ್ಲ. ಯಂತ್ರದ ಮೆಚ್ಚಬೇಕಾದ ಗುಣಗಳಲ್ಲಿ ಇದು ಮೊದಲನೆಯದು, ಅದರಲ್ಲೂ ವಾರಕ್ಕೆರಡು ಸಲ ಮಿಕ್ಸಿಂಗ್ (ಹತ್ತಿಯ ಬೆರಕೆ) ಬದಲಿಸುವ ಸಣ್ಣ ಮಿಲ್ಲುಗಳಿಗೆ.

ಆದರೆ ಯಂತ್ರಕ್ಕೆ ಹೇಳಿದ ಸಂಖ್ಯೆ ನಿಜವಾಗಿರಬೇಕು. ಟ್ಯೂಬಿನ ವಿಷಯ ತೆಗೆದುಕೊಳ್ಳಿ. ಹಳೆಯ 45 ಮಿ.ಮೀ. ಟ್ಯೂಬುಗಳನ್ನು ಹೊಸ 48 ಮಿ.ಮೀ. ಟ್ಯೂಬುಗಳ ಜೊತೆ ಬೆರೆಸಿ ಹಾಕಿದ್ದೀರಿ ಅನ್ನಿ. ಯಂತ್ರ ಎಲ್ಲ ಬಾಬಿನ್ನನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಮೇಲಿನ ಲೆಕ್ಕದ 155 ಸುತ್ತಿಗೆ 45 ಮಿ.ಮೀ. ಟ್ಯೂಬ್ ಸುತ್ತಿಕೊಳ್ಳುವುದು 22 ಮೀಟರ್ ಮಾತ್ರ, ಬರುತ್ತಿರುವುದು 23.4. ಶೇ 6ರಷ್ಟು ರೋವಿಂಗ್ ಸಡಿಲವಾಗಿ ಒದ್ದಾಡಿ, ಪಕ್ಕದ ಎಳೆಯನ್ನೂ ಎಳೆದುಕೊಂಡು ಹೋಗುತ್ತದೆ. ಡಾಫ್ ಆದ ಕೂಡಲೇ ಎಳೆ ತುಂಡಾಗುವುದು ಹೆಚ್ಚಿದ್ದರೆ ಸರ್ವೋವನ್ನು ದೂರುವ ಮುಂಚೆ ಕ್ಯಾಲಿಪರ್ ತೆಗೆದುಕೊಂಡು ಇಪ್ಪತ್ತು ಟ್ಯೂಬ್ ಅಳೆದು ನೋಡಿ.

ಕೆಲವು ಯಂತ್ರಗಳಲ್ಲಿ ಮುಂದಿನ ರೋಲರ್ ಮತ್ತು ಫ್ಲೈಯರ್ ತಲೆಯ ನಡುವೆ ರೋವಿಂಗ್ ಎಷ್ಟು ಜೋತಿದೆ ಎಂದು ನೋಡಿ ಬಾಬಿನ್ ವೇಗ ತಿದ್ದುವ ಕ್ಯಾಮೆರಾ ಸೆನ್ಸರ್ ಇರುತ್ತದೆ. ಒಳ್ಳೆಯ ಸೌಲಭ್ಯ, ಒಂದು ಎಚ್ಚರಿಕೆಯೊಂದಿಗೆ. ಸೆನ್ಸರ್ ನೋಡುವುದು ಕೆಲವೇ ಎಳೆಗಳನ್ನು, ತಿದ್ದುವುದು ಇಡೀ ಯಂತ್ರವನ್ನು. ಸೆನ್ಸರ್ ಎದುರಿನ ಸ್ಪಿಂಡಲ್ಲಿನಲ್ಲಿ ಪ್ರೆಸ್ಸರಿಗೆ (ಫ್ಲೈಯರ್ ಕಾಲಿನ ತುದಿಯಲ್ಲಿ ರೋವಿಂಗನ್ನು ಬಾಬಿನ್ನಿಗೆ ಒತ್ತುವ ತೋಳಿಗೆ) ಎರಡು ಸುತ್ತಿನ ಬದಲು ಮೂರು ಸುತ್ತು ಹಾಕಿದ್ದರೆ ಆ ಒಂದು ತಪ್ಪಿಗೆ 120 ಬಾಬಿನ್ನೂ ದಂಡ ತೆರುತ್ತವೆ. ಸೆನ್ಸರಿನ ಗಾಜನ್ನು ಪಾಳಿಗೊಮ್ಮೆ ಒರೆಸಬೇಕು ಎಂಬುದನ್ನೂ ಕೈಪಿಡಿಯಲ್ಲಿ ಹುಡುಕುವ ಮೊದಲೇ ಸೈಡರಿಗೆ (ಯಂತ್ರ ನೋಡಿಕೊಳ್ಳುವ ಕೆಲಸಗಾರನಿಗೆ) ಹೇಳಿಬಿಡಿ.

ಫ್ಲೈಯರ್, ಅಂದರೆ ವೇಗದ ನಿಜವಾದ ಮಿತಿ

ಹಳೆಯ ಸಿಂಪ್ಲೆಕ್ಸಿನಲ್ಲಿ ಫ್ಲೈಯರನ್ನು ಸ್ಪಿಂಡಲ್ ತಲೆಯ ಮೇಲೆ ಕೂರಿಸುತ್ತಿದ್ದರು, ಡಾಫ್ ಮಾಡಲು ಪ್ರತಿ ಸಲವೂ ಕಿತ್ತು ತೆಗೆಯಬೇಕಿತ್ತು. ಈಗಿನದು ಮೇಲಿನಿಂದ ತೂಗುವ ಫ್ಲೈಯರ್. ಅದರ ಬೇರಿಂಗ್, ಚಾಲನೆ ಎರಡೂ ಮೇಲೆಯೇ ಇವೆ. ಬಾಬಿನ್ ಕೆಳಗಿನಿಂದ ಸಲೀಸಾಗಿ ಹೊರಬರುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ಮೈ, ಗಾಳಿ ಸೀಳುವ ಆಕಾರ, ರೋವಿಂಗ್ ಇಳಿಯುವ ಕಾಲು ಮುಚ್ಚಿದ ಕೊಳವೆ.

ವೇಗ ಹೆಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಲೆಕ್ಕ ಸಾಕು. ಕಾಲುಗಳನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 1000ದಿಂದ 1400ಕ್ಕೆ ಹೋದರೆ ಬಲ ಹತ್ತಿರ ಹತ್ತಿರ ಎರಡು ಪಟ್ಟು. ಗಾಳಿಯನ್ನು ಕಡೆಯಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: 1000ದಿಂದ 1200ಕ್ಕೆ ಏರಿಸಿ ನೀವು ಪಡೆದ ಉತ್ಪಾದನೆ ಶೇ 20 ಹೆಚ್ಚು, ಗಾಳಿಗೆ ಸುರಿದ ಕರೆಂಟು ಶೇ 73 ಹೆಚ್ಚು. ಹಗುರವಾದ, ನುಣುಪಾದ, ಕಾಲು ಅಗಲಿಸದ ಫ್ಲೈಯರ್ ಇಲ್ಲದೆ 1500 ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಫ್ಲೈಯರನ್ನು ಕೈಗೆತ್ತಿಕೊಂಡು ಕೊಳವೆಯ ಒಳಮೈಗೆ ಬಿಳಿ ಬಟ್ಟೆ ಹಾಯಿಸಿ ನೋಡಿ. ಎಲ್ಲಾದರೂ ನಾರು ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಇದೆ. ಅಂಟು ಹೆಚ್ಚಿರುವ ಹತ್ತಿ ಓಡಿಸುವವರಿಗೆ ಈ ಕೊಳವೆಯೇ ದೊಡ್ಡ ತಲೆನೋವು.

ಪ್ರೆಸ್ಸರ್ ಬಾಬಿನ್ನನ್ನು ಒತ್ತುವುದು ಸ್ಪ್ರಿಂಗಿನಿಂದಲ್ಲ, ತಿರುಗುವಾಗ ಹುಟ್ಟುವ ಕೇಂದ್ರಾಪಗಾಮಿ ಬಲದಿಂದ. ಆದ್ದರಿಂದ ವೇಗ ಏರಿದಂತೆ ಬಾಬಿನ್ ಗಟ್ಟಿಯಾಗುತ್ತದೆ, ಒಂದೇ ಬಾಬಿನ್ನಿನಲ್ಲಿ ಹೆಚ್ಚು ತೂಕ ಹಿಡಿಯುತ್ತದೆ, ಇದು ಲಾಭ. ಯಂತ್ರ ತೆವಳುತ್ತ ಹೊರಡುವಾಗ ಪ್ರೆಸ್ಸರಿಗೆ ಬಲವಿರುವುದಿಲ್ಲ, ಆ ಪದರ ಮೆತ್ತಗಾಗುತ್ತದೆ, ಇದು ನಷ್ಟ. ಪದೇ ಪದೇ ನಿಲ್ಲುವ ಯಂತ್ರದ ಬಾಬಿನ್ ಬದಿಯಿಂದ ಪದರ ಕಳಚುವುದು ಇದರಿಂದಲೇ. ಇಂಥ ಬಾಬಿನ್ ರಿಂಗ್ ಫ್ರೇಮಿನ ಕ್ರೀಲಿನಲ್ಲಿ (ಬಾಬಿನ್ ತೂಗುಹಾಕುವ ಚೌಕಟ್ಟಿನಲ್ಲಿ) ತೊಂದರೆ ಕೊಡುತ್ತದೆ, ಬೈಗುಳ ಮಾತ್ರ ಅಲ್ಲಿನವರಿಗೆ.

ಫ್ಲೈಯರ್ ತಲೆಯ ಮೇಲಿನ ಗೀರುಗಳಿರುವ ರಬ್ಬರ್ ಅಥವಾ ಪಾಲಿಯುರೆಥೇನ್ ಟೋಪಿಯನ್ನು, ಅಂದರೆ ಫಾಲ್ಸ್ ಟ್ವಿಸ್ಟರನ್ನು, ಬಿಡಿಭಾಗ ಎಂದು ಕಡೆಗಣಿಸಬೇಡಿ. ರೋಲರಿನಿಂದ ಫ್ಲೈಯರಿನವರೆಗಿನ ಬಯಲಲ್ಲಿ ರೋವಿಂಗಿಗೆ ತಾತ್ಕಾಲಿಕ ತಿರುವು ಕೊಟ್ಟು ಹಿಡಿದಿಡುವುದು ಅದೇ. ಅದು ಸವೆದಾಗ ಎಳೆ ಅದೇ ಜಾಗದಲ್ಲಿ ಹಿಗ್ಗುತ್ತದೆ, ತುಂಡಾಗುತ್ತದೆ. ಆಗ ಸೂಪರ್‌ವೈಸರ್ ಮಾಡುವ ಸುಲಭದ ಕೆಲಸ ಟಿಎಂ ಏರಿಸುವುದು. ಅದರ ಬೆಲೆ ನೋಡಿ: ಟಿಎಂ 1.20 ಇದ್ದದ್ದು 1.30 ಆದರೆ, 1300 ಆರ್‌ಪಿಎಂನಲ್ಲಿ ಓಡುವ ಯಂತ್ರವನ್ನು 1200ಕ್ಕೆ ಇಳಿಸಿದಷ್ಟೇ ಉತ್ಪಾದನೆ ಬೀಳುತ್ತದೆ. ಕೆಲವು ರೂಪಾಯಿಯ ಟೋಪಿ ಬದಲಿಸದೆ ಕೋಟಿಯ ಯಂತ್ರದ ವೇಗವನ್ನು ಬಿಟ್ಟುಕೊಟ್ಟ ಹಾಗೆ. ಟಿಎಂ ವಿಪರೀತ ಏರಿಸಿದರೆ ರಿಂಗ್ ಫ್ರೇಮಿನಲ್ಲಿ ಡ್ರಾಫ್ಟ್ ಆಗದ ಗಟ್ಟಿ ಎಳೆ ಬರುತ್ತದೆ, ವಿಪರೀತ ಇಳಿಸಿದರೆ ಕ್ರೀಲಿನಲ್ಲಿ ರೋವಿಂಗ್ ಕಡಿಯುತ್ತದೆ. ಬಾಚಿದ ಹತ್ತಿಗೆ ಈ ಎರಡರ ನಡುವಿನ ಓಣಿ ಇನ್ನೂ ಇಕ್ಕಟ್ಟು.

ಎರಡು ಸಾಲಿನ ವಿಷಯವೂ ಇಲ್ಲೇ ಬರುತ್ತದೆ. ಹಿಂದಿನ ಸಾಲಿನ ಫ್ಲೈಯರ್ ರೋಲರಿಗೆ ಹತ್ತಿರ, ಮುಂದಿನ ಸಾಲಿನದು ದೂರ. ಎರಡರ ತಲೆಯೂ ಒಂದೇ ಎತ್ತರದಲ್ಲಿದ್ದರೆ ರೋವಿಂಗ್ ಹೊಗುವ ಕೋನ ಬೇರೆಯಾಗುತ್ತದೆ, ಟೆನ್ಷನ್ ಬೇರೆಯಾಗುತ್ತದೆ, ಕೊನೆಗೆ ಹ್ಯಾಂಕೂ ಬೇರೆಯಾಗುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಹಿಂದಿನ ಸಾಲಿನ ಫ್ಲೈಯರ್ ತಲೆಯನ್ನು ಎತ್ತರಿಸಿ ಕೋನವನ್ನು ಸಮ ಮಾಡಿರುತ್ತಾರೆ. ಯಂತ್ರದ ಪಕ್ಕ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಇದು ತಿಳಿಯುತ್ತದೆ, ಕರಪತ್ರ ಬೇಕಾಗಿಲ್ಲ.

ಡ್ರಾಫ್ಟಿಂಗ್

ಇಲ್ಲಿ ಹೊಸದೇನೂ ಹೆಚ್ಚಿಲ್ಲ, ಬೇಗ ಮುಗಿಸೋಣ. ಮೂರರ ಮೇಲೆ ಮೂರು ರೋಲರ್, ಇಲ್ಲವೇ ನಾಲ್ಕರ ಮೇಲೆ ನಾಲ್ಕು. ಮೇಲೆ ಸ್ಪ್ರಿಂಗಿನ ಪಿಕೆ 1500 ಬಗೆಯ ತೋಳು, ಇಲ್ಲವೇ ಗಾಳಿಯೊತ್ತಡದ ತೋಳು. ನಾಲ್ಕು ರೋಲರಿನ ವ್ಯವಸ್ಥೆಯಲ್ಲಿ ಮುಖ್ಯ ಡ್ರಾಫ್ಟಿನ ಜಾಗದಲ್ಲಿ ಕಂಡೆನ್ಸರ್ ಇರುವುದಿಲ್ಲ. ಡ್ರಾಫ್ಟ್ ಮುಗಿಸಿದ ಮೇಲೆ, ಬಹುತೇಕ ಎಳೆತವಿಲ್ಲದ ಮುಂದಿನ ವಲಯದಲ್ಲಿ ನಾರನ್ನು ಒಟ್ಟುಗೂಡಿಸುತ್ತಾರೆ. ನಾರಿಗೆ ಅಡ್ಡಿ ಕಡಿಮೆ, ರೋವಿಂಗಿನ ರೋಮ ಕಡಿಮೆ. ಬೆಲೆ ಹೆಚ್ಚು, ಸವೆಯುವ ಭಾಗವೂ ಹೆಚ್ಚು. ಬಾಚಿದ ಹತ್ತಿಗೆ ನಾಲ್ಕು, ಬಾಚದ (ಕಾರ್ಡೆಡ್) 30ರ ಕೌಂಟಿಗೆ ಮೂರು ಸಾಕು ಎಂಬುದು ನಮ್ಮ ಅಭಿಪ್ರಾಯ.

ಹಿಂದಿನ ವಲಯದ ಡ್ರಾಫ್ಟ್ 1.1ರಿಂದ 1.25ರೊಳಗೆ ಇರಲಿ. ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ ಡಿಸಿಎಚ್-32ರಂಥ ಉದ್ದನೆಯ ಎಳೆಯ ಹತ್ತಿಗೆ ರೋಲರ್ ಸೆಟ್ಟಿಂಗ್ ಅಗಲಿಸಿ. 29-30 ಮಿ.ಮೀ. ಹತ್ತಿಗೆ ಮಾಡಿದ ಸೆಟ್ಟಿಂಗಿನಲ್ಲೇ ಅದನ್ನು ಓಡಿಸಿದರೆ ಎರಡೂ ರೋಲರ್ ಜೋಡಿಯ ಹಿಡಿತದಲ್ಲಿ ಸಿಕ್ಕ ನಾರು ಕಡಿಯುತ್ತದೆ ಅಥವಾ ಡ್ರಾಫ್ಟ್ ಆಗದೆ ಇಡಿಯಾಗಿ ಬರುತ್ತದೆ. ರೋವಿಂಗ್ ತೆಳುವಾದಂತೆ ಸ್ಪೇಸರ್ (ನಾರನ್ನು ಹಿಡಿದೊಯ್ಯುವ ಏಪ್ರನ್ ಪಟ್ಟಿಗಳ ನಡುವಿನ ಅಂತರ ಕಾಯುವ ತುಂಡು) ಸಣ್ಣದು ಮಾಡಿ. ಹಬ್ಬದ ರಜೆಗೆ ಯಂತ್ರ ನಿಲ್ಲಿಸುವಾಗ ಸ್ಪ್ರಿಂಗ್ ತೋಳು ಎತ್ತಿಡಿ, ಇಲ್ಲದಿದ್ದರೆ ಕಾಟ್ಸ್ (ಮೇಲಿನ ರೋಲರಿನ ರಬ್ಬರ್ ಹೊದಿಕೆ) ಒಂದೇ ಜಾಗದಲ್ಲಿ ಚಪ್ಪಟೆಯಾಗಿ, ಯಂತ್ರ ಹೊರಟ ಮೇಲೆ ಸುತ್ತಿಗೊಂದು ತೆಳು ಜಾಗ ಬೀಳುತ್ತದೆ. ಗಾಳಿಯ ತೋಳಿನಲ್ಲಿ ಒಂದು ಗುಂಡಿಯಿಂದ ಒತ್ತಡ ಇಳಿಸಬಹುದು. ಅದಕ್ಕಾಗಿ ಗಾಳಿ ಒಣಗಿರಬೇಕು, ಸೋರಿಕೆ ಇರಬಾರದು. ಉದ್ದನೆಯ ಯಂತ್ರವಾದರೆ ಕೆಳ ರೋಲರುಗಳಿಗೆ ಎರಡೂ ತುದಿಯಿಂದ ಚಾಲನೆ ಇದೆಯೇ ಎಂದು ಕೇಳಿ. ಒಂದೇ ತುದಿಯಿಂದ ತಿರುಗಿಸಿದರೆ ಹೊರಡುವಾಗ ರೋಲರ್ ತಿರುಚಿಕೊಂಡು ಇನ್ನೊಂದು ತುದಿಯ ಎಳೆಗಳು ತಡವಾಗಿ ಹೊರಡುತ್ತವೆ.

ನಿಲ್ಲುವುದು, ಹೊರಡುವುದು, ಕರೆಂಟ್ ಹೋಗುವುದು

ರಿಂಗ್ ಫ್ರೇಮಿನಲ್ಲಿ ಒಂದು ಎಳೆ ತುಂಡಾದರೆ ಆ ಒಂದು ಸ್ಪಿಂಡಲಿನ ನಷ್ಟ. ಸಿಂಪ್ಲೆಕ್ಸಿನಲ್ಲಿ ಒಂದು ಎಳೆ ತುಂಡಾದರೆ ಇಡೀ ಯಂತ್ರ ನಿಲ್ಲಬೇಕು, ಇಲ್ಲದಿದ್ದರೆ ತುಂಡಾದ ಎಳೆ ಹಾರಿ ಪಕ್ಕದ ಬಾಬಿನ್ನಿಗೆ ಸೇರಿ ಎರಡರ ದಪ್ಪದ ರೋವಿಂಗ್ ಆಗುತ್ತದೆ. ಹೆಚ್ಚು ಸ್ಪಿಂಡಲ್ಲಿನ ಯಂತ್ರ ಕೊಳ್ಳುವ ಮುಂಚೆ ಇದನ್ನು ನೆನಪಿಡಿ. ನೂರು ಸ್ಪಿಂಡಲ್ ಗಂಟೆಗೆ 1.5 ತುಂಡು ಎಂದಿಟ್ಟುಕೊಂಡರೆ 120 ಸ್ಪಿಂಡಲ್ ಯಂತ್ರ ಗಂಟೆಗೆ ಎರಡು ಸಲದಷ್ಟು ನಿಲ್ಲುತ್ತದೆ, 200 ಸ್ಪಿಂಡಲ್ ಯಂತ್ರ ಮೂರು ಸಲ. ಸ್ಲೈವರ್ ಗುಣ ಸರಿಯಿಲ್ಲದ ಮಿಲ್ಲಿಗೆ ಉದ್ದನೆಯ ಯಂತ್ರ ಶಿಕ್ಷೆಯೇ ಸರಿ. ಮೊದಲು ಕಾರ್ಡಿಂಗ್, ಡ್ರಾಯಿಂಗ್ ಸರಿಮಾಡಿಕೊಳ್ಳಿ, ಆಮೇಲೆ ಯಂತ್ರದ ಉದ್ದದ ಮಾತು.

ಪ್ರತಿ ನಿಲುಗಡೆಯೂ ರೋವಿಂಗಿನಲ್ಲಿ ಒಂದು ಗುರುತು ಬಿಡುತ್ತದೆ. ಗೇರ್ ಯಂತ್ರದಲ್ಲಿ ಬಾಬಿನ್ನಿಗೆ ಹೋಗುವ ದಾರಿ ಉದ್ದ, ನಡುವೆ ಹಲ್ಲುಗಳ ಸಡಿಲ ಬೇರೆ. ಹೊರಡುವಾಗ ರೋಲರ್ ಒಂದು ಕ್ಷಣ ಮುಂದೆ, ಬಾಬಿನ್ ಹಿಂದೆ. ಸರ್ವೋ ಯಂತ್ರ ಗೆಲ್ಲುವುದು ಇಲ್ಲಿ: ನಾಲ್ಕೂ ಮೋಟರುಗಳು ಒಂದೇ ರೇಖೆಯಲ್ಲಿ ವೇಗ ಏರುತ್ತವೆ, ಇಳಿಯುತ್ತವೆ. ಏರುವ ಸಮಯವನ್ನು ನೀವೇ ಕೊಡಬಹುದು. ಉತ್ಪಾದನೆಯ ಆಸೆಗೆ ಅದನ್ನು ತೀರಾ ಕಿರಿದು ಮಾಡಿದರೆ ಹೊರಡುವಾಗಲೇ ಎಳೆಗಳು ಕಡಿಯುತ್ತವೆ, ಉಳಿಸಿದ ಸೆಕೆಂಡುಗಳು ಪೀಸಿಂಗಿಗೆ (ತುಂಡಾದ ಎಳೆ ಸೇರಿಸುವುದಕ್ಕೆ) ಹೋಗುತ್ತವೆ.

ಕರೆಂಟಿನ ವಿಷಯ ಬೇರೆಯೇ. ಕೋನ್ ಡ್ರಮ್ಮಿನ ಯಂತ್ರ ಗೇರಿನಿಂದ ಕಟ್ಟಿಹಾಕಿದ್ದರಿಂದ ಕರೆಂಟ್ ಹೋದರೂ ಎಲ್ಲ ಭಾಗವೂ ಒಟ್ಟಿಗೇ ನಿಲ್ಲುತ್ತದೆ. ಬೇರೆಬೇರೆ ಮೋಟರಿನ ಯಂತ್ರಕ್ಕೆ ಆ ಕಟ್ಟು ಇಲ್ಲ. ಭಾರವಾದ ಬಾಬಿನ್‌ಗಳು ಇನ್ನೂ ತಿರುಗುತ್ತಿರುವಾಗ ರೋಲರ್ ನಿಂತುಬಿಟ್ಟರೆ ಎಲ್ಲ ಎಳೆಗಳೂ ಒಂದೇ ಏಟಿಗೆ ಹೋಗುತ್ತವೆ. ಇದನ್ನು ತಪ್ಪಿಸಲು ತಿರುಗುತ್ತಿರುವ ಭಾಗಗಳ ಶಕ್ತಿಯನ್ನೇ ಮೋಟರಿನ ಮೂಲಕ ಮರಳಿ ಪಡೆದು ಡ್ರೈವ್‌ಗಳನ್ನು ಜೀವಂತವಾಗಿಟ್ಟು, ಎಲ್ಲವನ್ನೂ ಲೆಕ್ಕದಂತೆ ನಿಲ್ಲಿಸುವ ವ್ಯವಸ್ಥೆ ಇರಬೇಕು. ಎಲ್ಲರೂ ಇದೆ ಎನ್ನುತ್ತಾರೆ. ಪರೀಕ್ಷೆ ಸುಲಭ: ಯಂತ್ರ ಪೂರ್ತಿ ವೇಗದಲ್ಲಿರುವಾಗ ಮುಖ್ಯ ಬ್ರೇಕರ್ ಬೀಳಿಸಿ. ಕಾಲು ಬಾಬಿನ್ನಿನಲ್ಲಿ ಒಮ್ಮೆ, ಅರ್ಧದಲ್ಲಿ ಒಮ್ಮೆ, ತುಂಬುವ ಹೊತ್ತಿಗೆ ಒಮ್ಮೆ. ಪ್ರತಿ ಸಲ ಎಷ್ಟು ಎಳೆ ತುಂಡಾಯಿತು ಎಣಿಸಿ. ಒಂದೆರಡಕ್ಕಿಂತ ಹೆಚ್ಚಾದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಮೋಟರ್ ಡ್ರೈವಿನ ಪೆಟ್ಟಿಗೆಯ ತಂಪಾಗಿಸುವ ವ್ಯವಸ್ಥೆಯನ್ನೂ ನೋಡಿ. ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ, ಫಿಲ್ಟರಿಗೆ ಧೂಳು ಕಟ್ಟಿದ ದಿನ, ಯಂತ್ರ ನಿಲ್ಲಿಸುವುದು ರೋವಿಂಗ್ ಅಲ್ಲ, ಬಿಸಿಯಾದ ಡ್ರೈವ್.

ಆಟೊ ಡಾಫ್ ಬೇಕೇ?

ಈ ಪ್ರಶ್ನೆಗೆ ಮಾರುವವರು ಯಾವಾಗಲೂ ಹೌದು ಎನ್ನುತ್ತಾರೆ. ಉತ್ತರ ನಿಮ್ಮ ಹ್ಯಾಂಕಿನಲ್ಲಿದೆ.

ಹ್ಯಾಂಕ್ 0.7, ಟಿಎಂ 1.25, 1200 ಆರ್‌ಪಿಎಂ: ಒಂದು ಸ್ಪಿಂಡಲ್ ಗಂಟೆಗೆ ಸುಮಾರು 1.47 ಕೆ.ಜಿ. ಕೊಡುತ್ತದೆ. 2.2 ಕೆ.ಜಿ.ಯ ಬಾಬಿನ್ ಒಂದೂವರೆ ಗಂಟೆಗೇ ತುಂಬುತ್ತದೆ. ಕೈಯಿಂದ ಡಾಫ್ ಮಾಡಲು 12 ನಿಮಿಷ ಹಿಡಿದರೆ ಯಂತ್ರದ ಸಮಯದಲ್ಲಿ ಶೇ 12ರಷ್ಟು ಡಾಫಿಂಗಿಗೇ ಹೋಯಿತು. 3 ನಿಮಿಷದಲ್ಲಿ ಮುಗಿಸುವ ಆಟೊ ಡಾಫ್ ಇದನ್ನು ಶೇ 3ಕ್ಕೆ ಇಳಿಸುತ್ತದೆ. ಇನ್ನೊಂದು ತುದಿಗೆ ಬನ್ನಿ. ಹ್ಯಾಂಕ್ 1.8, ಟಿಎಂ 1.35, 1100 ಆರ್‌ಪಿಎಂ: ಸ್ಪಿಂಡಲಿಗೆ ಗಂಟೆಗೆ 0.30 ಕೆ.ಜಿ. ಎರಡು ಕೆ.ಜಿ. ಬಾಬಿನ್ ತುಂಬಲು ಆರೂವರೆ ಗಂಟೆ. ಅದೇ 12 ನಿಮಿಷದ ಕೈ ಡಾಫಿನ ನಷ್ಟ ಶೇ 3 ಮಾತ್ರ. ತೆಳು ನೂಲಿನ ಮಿಲ್ಲು ಆಟೊ ಡಾಫಿಗೆ ಹಾಕುವ ದುಡ್ಡು ಯಂತ್ರದ ಸಮಯದಿಂದ ವಾಪಸು ಬರುವುದು ಕಷ್ಟ. ಬಾಬಿನ್ನನ್ನು ಕೈ ಮುಟ್ಟದೆ ರಿಂಗ್ ಫ್ರೇಮಿಗೆ ಸಾಗಿಸುವ ವ್ಯವಸ್ಥೆಯನ್ನೂ ಜೊತೆಗೆ ಹಾಕುವುದಾದರೆ, ಅಥವಾ ಪಾಳಿಗೆ ಜನ ಸಿಗುವುದೇ ಕಷ್ಟವಾಗಿದ್ದರೆ, ಲೆಕ್ಕ ಬೇರೆ.

ಆಟೊ ಡಾಫಿನಲ್ಲಿ ಕೆಡುವುದು ದೊಡ್ಡ ಭಾಗಗಳಲ್ಲ. ಖಾಲಿ ಟ್ಯೂಬಿನ ಮೇಲಿನ ವೆಲ್ಕ್ರೋ ಪಟ್ಟಿ ರೋವಿಂಗಿನ ತುದಿಯನ್ನು ಹಿಡಿದುಕೊಳ್ಳಬೇಕು. ಅದರಲ್ಲಿ ನಾರು ತುಂಬಿದರೆ ಹಿಡಿಯುವುದಿಲ್ಲ, ಯಂತ್ರ ಹೊರಟಾಗ ಸಾಲಿಡೀ ಎಳೆಗಳು ಗಾಳಿಯಲ್ಲಿ ಹಾರಾಡುತ್ತವೆ. ರಿಂಗ್ ಫ್ರೇಮಿನಿಂದ ಬಂದ ಟ್ಯೂಬಿನಲ್ಲಿ ಉಳಿದ ರೋವಿಂಗನ್ನು ಪೂರ್ತಿ ತೆಗೆಯುವ ಕ್ಲೀನರ್ ಯಂತ್ರ ಇಲ್ಲದೆ ಆಟೊ ಡಾಫ್ ಕೊಳ್ಳುವುದು ಅರ್ಧ ಕೆಲಸ. ಕತ್ತಿಯಿಂದ ಕೊಯ್ದು ತೆಗೆಯುವ ಅಭ್ಯಾಸವಿರುವ ಮಿಲ್ಲುಗಳಲ್ಲಿ ಟ್ಯೂಬಿನ ಮೈ ಗೀರಾಗಿರುತ್ತದೆ, ಗೀರಿನಲ್ಲಿ ನಾರು ಸಿಕ್ಕಿ ಮೊದಲ ಪದರವೇ ಹಾಳು. ಡ್ರೈವ್ ಪಿನ್ನಿನ ಮೇಲೆ ಟ್ಯೂಬ್ ಸರಿಯಾಗಿ ಕೂರದೆ ಒಂದು ಬದಿಗೆ ಎದ್ದಿರುವುದು ಇನ್ನೊಂದು ಕಾಯಿಲೆ, ಕಾರಣ ಬಹುಮಟ್ಟಿಗೆ ಟ್ಯೂಬಿನ ಬುಡದ ಬಿರುಕು.

ಯಂತ್ರ ಬಂದ ಮೇಲೆ

ಬ್ರೇಕರ್ ಪರೀಕ್ಷೆ ಆಯಿತು. ಇನ್ನೆರಡು ಮಾಡಿ. ಮುಂದಿನ ಸಾಲಿನಿಂದ ನಾಲ್ಕು, ಹಿಂದಿನ ಸಾಲಿನಿಂದ ನಾಲ್ಕು ಬಾಬಿನ್ ಗುರುತು ಮಾಡಿ, ಶುರುವಿನ ಪದರ, ನಡು, ಕೊನೆ ಮೂರೂ ಕಡೆಯ ರೋವಿಂಗನ್ನು 15 ಗಜದಂತೆ ಸುತ್ತಿ ತೂಗಿ. ಬರುವ ಹ್ಯಾಂಕನ್ನು ಸ್ಲೈವರ್ ಹ್ಯಾಂಕ್ ಮತ್ತು ಡ್ರಾಫ್ಟಿನಿಂದ ಲೆಕ್ಕ ಹಾಕಿದ ಹ್ಯಾಂಕಿನ ಜೊತೆ ಹೋಲಿಸಿದರೆ ಎಷ್ಟು ಹಿಗ್ಗಿದೆ ಎಂದು ತಿಳಿಯುತ್ತದೆ. ಶುರುವಿಗೂ ಕೊನೆಗೂ, ಮುಂದಿನ ಸಾಲಿಗೂ ಹಿಂದಿನದಕ್ಕೂ ಶೇ 1ಕ್ಕಿಂತ ಹೆಚ್ಚು ವ್ಯತ್ಯಾಸ ಸರ್ವೋ ಯಂತ್ರದಲ್ಲಿ ಒಪ್ಪುವಂಥದ್ದಲ್ಲ. 40ರ ಕೌಂಟಿನಲ್ಲಿ ಶೇ 1 ಅಂದರೆ 0.4 ಕೌಂಟು.

ಎರಡನೆಯದು ಉಸ್ಟರ್ ಸ್ಪೆಕ್ಟ್ರೋಗ್ರಾಂ, ಅಂದರೆ ರೋವಿಂಗಿನ ದಪ್ಪದ ಏರಿಳಿತ ಎಷ್ಟು ಉದ್ದಕ್ಕೊಮ್ಮೆ ಮರುಕಳಿಸುತ್ತದೆ ಎಂದು ತೋರಿಸುವ ನಕ್ಷೆ. ಮುಂದಿನ ರೋಲರ್ 28 ಮಿ.ಮೀ. ಆದರೆ ಅದರ ಒಂದು ಸುತ್ತು 8.8 ಸೆಂ.ಮೀ. ಅಲ್ಲಿ ಕಂಬ ಎದ್ದಿದ್ದರೆ ರೋಲರ್ ಅಥವಾ ಕಾಟ್ಸ್ ಓರೆಯಾಗಿದೆ. ಅದಕ್ಕಿಂತ ಉದ್ದದ ಅಲೆಯಲ್ಲಿ ಕಂಬವಿದ್ದರೆ ಹಿಂದಿನ ರೋಲರ್, ಅದಕ್ಕೂ ಹಿಂದೆ ಡ್ರಾ ಫ್ರೇಮ್ ಕಡೆಗೆ ಹೋಗಿ. ಹೊಸ ಯಂತ್ರದಲ್ಲಿ ಈ ಕಂಬ ಕಂಡರೆ ವಾರಂಟಿ ಇರುವಾಗಲೇ ಹೇಳಿ.

ಹವೆಯನ್ನು ಮರೆಯಬೇಡಿ. ಸಿಂಪ್ಲೆಕ್ಸ್ ವಿಭಾಗದಲ್ಲಿ ತೇವಾಂಶ ಶೇ 55ರಿಂದ 60 ಇರಲಿ. ಏಪ್ರಿಲ್‌ನ ಒಣ ಗಾಳಿಯಲ್ಲಿ ನಾರು ವಿದ್ಯುತ್ ಹಿಡಿದು ಹಾರುತ್ತದೆ, ಜಡಿಮಳೆಯಲ್ಲಿ ರೋಲರಿಗೆ ಸುತ್ತಿಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಎರಡೂ ಬೇಗ ಆಗುತ್ತವೆ.

ಸರ್ವಿಸ್ ವಿಷಯದಲ್ಲಿ ದೇಶದೊಳಗೆ ತಯಾರಿಸುವವರ ಕೈ ಮೇಲು. 1962ರಿಂದ ಕೊಯಮತ್ತೂರಿನಲ್ಲಿರುವ ಎಲ್‌ಎಂಡಬ್ಲ್ಯೂ, ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಇವರ ಜನ ದಾವಣಗೆರೆಗೋ ಗೋಕಾಕಕ್ಕೋ ಒಂದು ರಾತ್ರಿಯಲ್ಲಿ ಬಂದು ಮುಟ್ಟಬಹುದು. ಯುರೋಪಿನ ಯಂತ್ರ ಕೊಳ್ಳುವವರು ಬಾಬಿನ್ ಡ್ರೈವ್, ಫ್ಲೈಯರ್ ಡ್ರೈವ್ ಒಂದೊಂದನ್ನು ಸ್ಟೋರಿನಲ್ಲಿ ಇಟ್ಟುಕೊಳ್ಳುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಜೊತೆಗೆ ಪ್ಯಾನೆಲ್ಲಿನ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ.

ಯಾರು ಕೊಳ್ಳಬೇಕು? 20ರಿಂದ 40ರ ಕೌಂಟು ಓಡಿಸುವ, ದಪ್ಪ ಹ್ಯಾಂಕಿನ, ದೊಡ್ಡ ಉತ್ಪಾದನೆಯ ಮಿಲ್ಲಿಗೆ ಆಟೊ ಡಾಫ್ ಸಹಿತ ಸರ್ವೋ ಯಂತ್ರ ನಿಸ್ಸಂಶಯವಾಗಿ ಲಾಭ. ಹ್ಯಾಂಕ್ 1.0, 1200 ಆರ್‌ಪಿಎಂನಲ್ಲಿ 120 ಸ್ಪಿಂಡಲ್ ಯಂತ್ರ, ಶೇ 80 ದಕ್ಷತೆಯಲ್ಲಿ ಗಂಟೆಗೆ 80 ಕೆ.ಜಿ. ಕೊಡುತ್ತದೆ, 40ರ ಕೌಂಟಿನಲ್ಲಿ 19,000 ಆರ್‌ಪಿಎಂನಲ್ಲಿ ಓಡುವ 1200 ಸ್ಪಿಂಡಲ್ಲಿನ ನಾಲ್ಕು ರಿಂಗ್ ಫ್ರೇಮಿಗೆ ಸಾಕು. ನಿಮ್ಮಲ್ಲಿ ಇಷ್ಟು ರಿಂಗ್ ಫ್ರೇಮ್ ಇಲ್ಲದಿದ್ದರೆ ಹೆಚ್ಚಿನ ವೇಗವನ್ನು ಏನು ಮಾಡುತ್ತೀರಿ? 80, 100ರ ಕೌಂಟಿನ ತೆಳು ನೂಲಿನವರು ಕೈ ಡಾಫಿನ ಸರ್ವೋ ಯಂತ್ರ ಕೊಂಡು, ಉಳಿದ ದುಡ್ಡನ್ನು ಟ್ಯೂಬ್, ಫಾಲ್ಸ್ ಟ್ವಿಸ್ಟರ್, ಕಾಟ್ಸಿಗೆ ಹಾಕಿ. ಕೋನ್ ಡ್ರಮ್ಮಿನ ಯಂತ್ರವನ್ನೇ ಇಟ್ಟುಕೊಳ್ಳುವವರು 950-1000 ಆರ್‌ಪಿಎಂ ದಾಟದೆ, ತಿಂಗಳಿಗೊಮ್ಮೆ ಡ್ರಮ್ ಒರೆಸಿ, ಹೊಳಪು ಬಂದ ಬೆಲ್ಟನ್ನು ಕಾಯದೆ ಬದಲಿಸಿ, ಹ್ಯಾಂಕ್ ಬದಲಾದಾಗ ರ‍್ಯಾಚೆಟ್ ವೀಲನ್ನೂ ಬದಲಿಸಿದರೆ ಇನ್ನೂ ಕೆಲವು ವರ್ಷ ತಳ್ಳಬಹುದು. ಕೋನ್ ಡ್ರಮ್ ಬದಲು ಇನ್ವರ್ಟರ್ ಕೂರಿಸಿಕೊಡುವವರೂ ಇದ್ದಾರೆ. ಆ ಬದಲಾವಣೆ ಮಾಡಿಸುವವರು ಮೇಲೆ ಹೇಳಿದ ಬ್ರೇಕರ್ ಪರೀಕ್ಷೆಯನ್ನು ಅಲ್ಲಿಯೂ ಮಾಡಿಸಿ, ದುಡ್ಡು ಕೊಡುವ ಮುಂಚೆ.